ಒಂದು ಡಿಸ್ಕ್ ಕೆಟ್ಟ ಮೇಲೆ

ಒಂದು ಹಾರ್ಡ್ ಡಿಸ್ಕ್ ಸರಾಸರಿ 30,000 ಗಂಟೆ ಬಾಳುತ್ತದೆ ಎಂದಿಟ್ಟುಕೊಳ್ಳೋಣ. ಹಗಲು ರಾತ್ರಿ ತಿರುಗುತ್ತಲೇ ಇದ್ದರೂ ಸುಮಾರು ಮೂರೂವರೆ ವರ್ಷದ ಆಯುಸ್ಸು. ಅಂಥ ನೂರು ಡಿಸ್ಕುಗಳನ್ನು ಜೋಡಿಸಿ, ಮಾಹಿತಿಯನ್ನು ನೂರಕ್ಕೂ ಹಂಚಿ ಬರೆದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ನೂರರಲ್ಲಿ ಯಾವುದಾದರೂ ಒಂದು ಕೆಡುವುದಕ್ಕೆ ಸರಾಸರಿ 300 ಗಂಟೆ ಸಾಕು. ಅಂದರೆ ಹನ್ನೆರಡೂವರೆ ದಿನ. ಒಂದು ಹೋದರೂ ಉಳಿದ ತೊಂಬತ್ತೊಂಬತ್ತರಲ್ಲಿರುವುದು ಅರ್ಥವಿಲ್ಲದ ಚೂರುಗಳಷ್ಟೇ.

ಈ ಲೆಕ್ಕವನ್ನು ಜಗತ್ತಿನ ಮುಂದಿಟ್ಟವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್. 1988ರ ಜೂನ್‌ನಲ್ಲಿ ಷಿಕಾಗೊದ ಸಿಗ್‌ಮಾಡ್ ಸಮ್ಮೇಳನದಲ್ಲಿ ಅವರು ಮಂಡಿಸಿದ ಪ್ರಬಂಧದಿಂದಲೇ ಡಿಸ್ಕುಗಳ ಇಂಥ ಜೋಡಣೆಗೆ ‘ರೇಡ್’ ಎಂಬ ಹೆಸರು ಬಳಕೆಗೆ ಬಂತು. ಆಗ ಮೇನ್‌ಫ್ರೇಮ್ ಕಂಪ್ಯೂಟರುಗಳು ಐಬಿಎಂ 3380ರಂಥ ದೊಡ್ಡ, ದುಬಾರಿ ಡಿಸ್ಕನ್ನು ನಂಬಿದ್ದವು. ಅದರ ಸಾಮರ್ಥ್ಯ 7,500 ಮೆಗಾಬೈಟ್. ಅತ್ತ ಪರ್ಸನಲ್ ಕಂಪ್ಯೂಟರಿಗೆಂದು ಕಾನರ್ ಕಂಪನಿ ತಯಾರಿಸಿದ್ದ ಮೂರೂವರೆ ಅಂಗುಲದ ಡಿಸ್ಕಿನದು 100 ಮೆಗಾಬೈಟ್. ಅಗ್ಗದ ಸಣ್ಣ ಡಿಸ್ಕುಗಳನ್ನು ಸಾಲಾಗಿ ಜೋಡಿಸಿದರೆ ಒಂದು ದೈತ್ಯ ಡಿಸ್ಕಿನ ಸಾಮರ್ಥ್ಯವೂ ಬರುತ್ತದೆ, ಎಲ್ಲವೂ ಏಕಕಾಲಕ್ಕೆ ಕೆಲಸ ಮಾಡುವುದರಿಂದ ವೇಗವೂ ಹೆಚ್ಚುತ್ತದೆ. ಅಡ್ಡಿಯಾಗಿದ್ದದ್ದು ಆ ಹನ್ನೆರಡೂವರೆ ದಿನ. ಅದನ್ನು ದಾಟುವ ದಾರಿಯನ್ನು ಅವರು ಗಣಿತದಿಂದ ತೋರಿಸಿದರು. ಆ ದಾರಿಯಲ್ಲಿ ಮನುಷ್ಯನಿಗೂ ಒಂದು ಕೆಲಸ ಉಳಿದಿತ್ತು. ಆ ಕೆಲಸವೇ ಈ ಅಧ್ಯಾಯದ ವಿಷಯ.

ಕಳೆದುಹೋದದ್ದನ್ನು ಲೆಕ್ಕದಿಂದ ಪಡೆಯುವುದು

ಮೂರು ಡಿಸ್ಕುಗಳಲ್ಲಿ ಒಂದೇ ಜಾಗದಲ್ಲಿರುವ ಮೂರು ಬಿಟ್‌ಗಳನ್ನು ತೆಗೆದುಕೊಳ್ಳಿ: 1, 0, 1. ನಾಲ್ಕನೆಯ ಡಿಸ್ಕಿನಲ್ಲಿ ಒಂದು ಬಿಟ್ ಬರೆಯಬೇಕು. ನಿಯಮ ಸರಳ: ನಾಲ್ಕನ್ನೂ ಸೇರಿಸಿದಾಗ ಒಂದುಗಳ ಸಂಖ್ಯೆ ಸಮಸಂಖ್ಯೆಯಾಗಬೇಕು. ಇಲ್ಲಿ ಈಗಾಗಲೇ ಎರಡು ಒಂದುಗಳಿವೆ, ಹಾಗಾಗಿ ನಾಲ್ಕನೆಯದು 0. ಈಗ ಮೊದಲನೆಯ ಡಿಸ್ಕ್ ಕೆಟ್ಟಿತು. ಉಳಿದದ್ದು 0, 1, 0. ಒಂದೇ ಒಂದು ‘ಒಂದು’ ಇದೆ. ಸಮಸಂಖ್ಯೆಯಾಗಬೇಕಾದರೆ ಕೆಟ್ಟ ಡಿಸ್ಕಿನಲ್ಲಿ 1 ಇದ್ದಿರಲೇಬೇಕು. ಯಾವ ಡಿಸ್ಕ್ ಹೋದರೂ ಉಳಿದವು ಅದರ ಪ್ರತಿಯೊಂದು ಬಿಟ್ಟನ್ನೂ ಹೀಗೆ ಹೇಳಿಬಿಡುತ್ತವೆ. ಈ ಹೆಚ್ಚುವರಿ ಬಿಟ್ಟಿಗೆ ಪ್ಯಾರಿಟಿ ಎಂದು ಹೆಸರು. ಲೆಕ್ಕ ಮಾಡುವ ಕ್ರಿಯೆ ಎಕ್ಸಾರ್.

ಐಬಿಎಂನ ನಾರ್ಮನ್ ಕೆನ್ ಔಚಿ ಇಂಥದೇ ಉಪಾಯಕ್ಕೆ 1978ರಲ್ಲೇ ಪೇಟೆಂಟ್ ಪಡೆದಿದ್ದರು. ಬರ್ಕ್ಲಿಯವರು ಮಾಡಿದ್ದು ಬಗೆಬಗೆಯ ಜೋಡಣೆಗಳನ್ನು ವರ್ಗೀಕರಿಸಿ, ಹಂತಗಳಾಗಿ ಎಣಿಸಿ, ಪ್ರತಿಯೊಂದರ ಖರ್ಚು ಮತ್ತು ಲಾಭವನ್ನು ಅಳೆದದ್ದು. ಇಂದು ಹೆಚ್ಚು ಕಾಣುವುದು ಮೂರು. ರೇಡ್ 1ರಲ್ಲಿ ಎರಡು ಡಿಸ್ಕುಗಳಲ್ಲಿ ಒಂದೇ ಮಾಹಿತಿ ಇರುತ್ತದೆ, ಒಂದು ಇನ್ನೊಂದರ ಪ್ರತಿಬಿಂಬ. ರೇಡ್ 5ರಲ್ಲಿ ಗುಂಪಿಗೊಂದು ಡಿಸ್ಕಿನಷ್ಟು ಪ್ಯಾರಿಟಿಯನ್ನು ಎಲ್ಲ ಡಿಸ್ಕುಗಳಿಗೂ ಹಂಚಿ ಬರೆಯುತ್ತಾರೆ. ರೇಡ್ 6 ಬಂದದ್ದು ಆಮೇಲೆ. ಅದರಲ್ಲಿ ಎರಡು ಬೇರೆಬೇರೆ ಸಮೀಕರಣಗಳಿಂದ ಎರಡು ಪ್ಯಾರಿಟಿಗಳನ್ನು ಇಡುವುದರಿಂದ ಏಕಕಾಲಕ್ಕೆ ಎರಡು ಡಿಸ್ಕುಗಳು ಹೋದರೂ ಮಾಹಿತಿ ಉಳಿಯುತ್ತದೆ. ಅದರ ಗಣಿತದ ಬೇರು 1960ರಲ್ಲಿ ಅರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ರೂಪಿಸಿದ ಸಂಕೇತಗಳಲ್ಲಿದೆ.

ಉಪಾಯ ಇಷ್ಟು ಚೆನ್ನಾಗಿ ಕೆಲಸ ಮಾಡುವುದರಿಂದಲೇ ಒಂದು ಅಪಾಯ ಹುಟ್ಟುತ್ತದೆ. ಡಿಸ್ಕ್ ಕೆಟ್ಟ ಕ್ಷಣದಲ್ಲಿ ಬಳಸುವವರಿಗೆ ಏನೂ ಗೊತ್ತಾಗುವುದಿಲ್ಲ. ಕಡತ ತೆರೆಯುತ್ತದೆ, ಬಿಲ್ ಮುದ್ರಣವಾಗುತ್ತದೆ, ರೋಗಿಯ ಎಕ್ಸ್‌ರೇ ಪರದೆಯ ಮೇಲೆ ಬರುತ್ತದೆ. ಒಳಗೆ ಮಾತ್ರ ವ್ಯವಸ್ಥೆ ‘ಡಿಗ್ರೇಡೆಡ್’ ಎಂಬ ಸ್ಥಿತಿಗೆ ಇಳಿದಿರುತ್ತದೆ. ಕಾವಲಿಗಿದ್ದ ಪ್ಯಾರಿಟಿ ಈಗ ಕೆಟ್ಟ ಡಿಸ್ಕಿನ ಜಾಗದಲ್ಲಿ ನಿಂತು ದುಡಿಯುತ್ತಿದೆ. ರೇಡ್ 5 ಆಗಿದ್ದರೆ ಇನ್ನೊಂದು ಡಿಸ್ಕ್ ಹೋದಾಗ ತಡೆಯುವವರು ಯಾರೂ ಇಲ್ಲ.

ಛೇದದಲ್ಲಿ ಕುಳಿತ ಗಂಟೆಗಳು

ಒಂದು ಡಿಸ್ಕ್ ಕೆಟ್ಟು, ಅದು ಸರಿಯಾಗುವ ಮೊದಲೇ ಅದೇ ಗುಂಪಿನ ಇನ್ನೊಂದು ಕೆಟ್ಟರೆ ಮಾತ್ರ ಮಾಹಿತಿ ನಷ್ಟ. ಅಂಥ ಘಟನೆಗೆ ಸರಾಸರಿ ಎಷ್ಟು ಕಾಲ ಹಿಡಿಯುತ್ತದೆ ಎನ್ನುವುದಕ್ಕೆ ಬರ್ಕ್ಲಿಯವರು ಒಂದು ಸೂತ್ರ ಕೊಟ್ಟರು. ಭಿನ್ನರಾಶಿಯ ಅಂಶದಲ್ಲಿ ಒಂದು ಡಿಸ್ಕಿನ ಸರಾಸರಿ ಆಯುಸ್ಸಿನ ವರ್ಗ. ಛೇದದಲ್ಲಿ ಮೂರು ಸಂಖ್ಯೆಗಳ ಗುಣಲಬ್ಧ: ಒಟ್ಟು ಡಿಸ್ಕುಗಳೆಷ್ಟು, ಒಂದು ಕೆಟ್ಟ ಮೇಲೆ ಆ ಗುಂಪಿನಲ್ಲಿ ಉಳಿದವೆಷ್ಟು, ದುರಸ್ತಿಗೆ ಹಿಡಿಯುವ ಗಂಟೆಗಳೆಷ್ಟು.

ಅವರ ಉದಾಹರಣೆಯನ್ನೇ ನೋಡೋಣ. ಮಾಹಿತಿಗೆ 100 ಡಿಸ್ಕು, ಪ್ರತಿ ಹತ್ತಕ್ಕೆ ಒಂದರಂತೆ ಪ್ಯಾರಿಟಿಗೆ 10, ಒಟ್ಟು 110. ಗುಂಪಿನಲ್ಲಿ 11, ಒಂದು ಕೆಟ್ಟರೆ ಉಳಿಯುವುದು 10. ದುರಸ್ತಿಯ ಸಮಯ ಒಂದು ಗಂಟೆ. 30,000ದ ವರ್ಗ 90 ಕೋಟಿ. ಅದನ್ನು 1,100ರಿಂದ ಭಾಗಿಸಿದರೆ 8,18,000 ಗಂಟೆಗೂ ಮೇಲೆ, ಅಂದರೆ ಸುಮಾರು 93 ವರ್ಷ. ಹನ್ನೆರಡೂವರೆ ದಿನದಿಂದ 93 ವರ್ಷಕ್ಕೆ! ಹತ್ತು ಹೆಚ್ಚುವರಿ ಡಿಸ್ಕುಗಳು ತಂದುಕೊಟ್ಟ ಲಾಭ ಇದು.

ಆದರೆ ಛೇದದ ಮೂರನೆಯ ಸಂಖ್ಯೆಯನ್ನು ಮತ್ತೊಮ್ಮೆ ನೋಡಿ. ದುರಸ್ತಿಗೆ ಒಂದು ಗಂಟೆಯ ಬದಲು ಒಂದು ದಿನ ಹಿಡಿದರೆ 93 ವರ್ಷ 24 ಪಾಲಾಗಿ ಒಡೆದು ನಾಲ್ಕು ವರ್ಷಕ್ಕಿಂತ ಕಡಿಮೆಯಾಗುತ್ತದೆ. ಕೆಟ್ಟದ್ದು ಯಾರ ಗಮನಕ್ಕೂ ಬಾರದೆ ಒಂದು ವಾರ ಕಳೆದರೆ ಉಳಿಯುವುದು ಸುಮಾರು 203 ದಿನ, ಏಳು ತಿಂಗಳೂ ಇಲ್ಲ. ಡಿಸ್ಕುಗಳು ಅವೇ, ಪ್ಯಾರಿಟಿ ಅದೇ, ಖರ್ಚು ಮಾಡಿದ ಹಣವೂ ಅಷ್ಟೇ.

ದುರಸ್ತಿಯ ಸಮಯ ಎಂದರೆ ಮೂರು ಭಾಗ. ಕೆಟ್ಟದ್ದು ಯಾರಿಗಾದರೂ ತಿಳಿಯುವವರೆಗಿನ ಕಾಲ, ಬದಲಿ ಡಿಸ್ಕ್ ಕೈಗೆ ಬರುವವರೆಗಿನ ಕಾಲ, ಹೊಸ ಡಿಸ್ಕಿನ ಮೇಲೆ ಹಳೆಯದರ ಮಾಹಿತಿಯನ್ನು ಲೆಕ್ಕಹಾಕಿ ಬರೆಯುವ, ಅಂದರೆ ‘ರೀಬಿಲ್ಡ್’ ಮಾಡುವ ಕಾಲ. ಮೊದಲೇ ಜೋಡಿಸಿಟ್ಟ ‘ಹಾಟ್ ಸ್ಪೇರ್’ ಎರಡನೆಯದನ್ನು ಶೂನ್ಯಕ್ಕೆ ಇಳಿಸುತ್ತದೆ. ಮೂರನೆಯದು ವರ್ಷ ಕಳೆದಂತೆ ಹಿಗ್ಗುತ್ತಲೇ ಬಂದಿದೆ, ಏಕೆಂದರೆ ಡಿಸ್ಕಿನ ಸಾಮರ್ಥ್ಯ ಬೆಳೆದಷ್ಟು ಅದರ ಬರೆಯುವ ವೇಗ ಬೆಳೆದಿಲ್ಲ. 20 ಟೆರಾಬೈಟಿನ ಡಿಸ್ಕನ್ನು ಸೆಕೆಂಡಿಗೆ 250 ಮೆಗಾಬೈಟ್‌ನಂತೆ ಎಡೆಬಿಡದೆ ತುಂಬಿದರೂ 80,000 ಸೆಕೆಂಡು, ಅಂದರೆ 22 ಗಂಟೆ ಬೇಕು. ದಿನದ ಕೆಲಸವನ್ನೂ ನಡೆಸುತ್ತಲೇ ಬರೆಯುವ ವ್ಯವಸ್ಥೆಗೆ ಹಲವು ದಿನ ಹಿಡಿಯಬಹುದು. ಈ ಭಾಗವನ್ನು ಕುಗ್ಗಿಸುವುದು ನಮ್ಮ ಕೈಯಲ್ಲಿ ಅಷ್ಟಾಗಿ ಇಲ್ಲ. ಪೂರ್ತಿ ನಮ್ಮ ಕೈಯಲ್ಲಿರುವುದು ಮೊದಲನೆಯದು, ತಿಳಿಯುವ ಕಾಲ. ನಿಗಾ ಇಡುವುದು ರೇಡ್ ಕೊಂಡ ಮೇಲೆ ಬಿಡುವಾದಾಗ ಸೇರಿಸಿಕೊಳ್ಳುವ ಸೌಕರ್ಯ ಎಂದು ಅನೇಕರು ಭಾವಿಸುತ್ತಾರೆ. ಸೂತ್ರ ನೋಡಿದರೆ ಅದು ರೇಡಿನದೇ ಒಂದು ಅಂಗ.

ಸೂತ್ರ ಹೇಳದ ಸಂಗತಿಗಳು

ಆ ಸೂತ್ರದಲ್ಲಿ ಒಂದು ಊಹೆ ಅಡಗಿದೆ: ಡಿಸ್ಕುಗಳು ಒಂದರ ಹಂಗು ಇನ್ನೊಂದಕ್ಕಿಲ್ಲದೆ ಕೆಡುತ್ತವೆ ಎಂಬುದು. ವಾಸ್ತವ ಏನೆಂದು ತಿಳಿಯಲು ದೊಡ್ಡ ಸಂಖ್ಯೆಯ ಡಿಸ್ಕುಗಳ ದಾಖಲೆ ಬೇಕಿತ್ತು. 2007ರಲ್ಲಿ ‘ಫಾಸ್ಟ್’ ಎಂಬ ಸ್ಟೋರೇಜ್ ಸಮ್ಮೇಳನದಲ್ಲಿ ಒಟ್ಟಿಗೇ ಎರಡು ಅಧ್ಯಯನಗಳು ಬಂದವು.

ಒಂದು, ಬಿಯಾಂಕಾ ಶ್ರೋಡರ್ ಮತ್ತು ಅದೇ ಗಾರ್ತ್ ಗಿಬ್ಸನ್ ಅವರದು. ರೇಡ್ ಪ್ರಬಂಧ ಬರೆದ ಸುಮಾರು ಎರಡು ದಶಕಗಳ ನಂತರ ಅವರು ಹತ್ತಿರಹತ್ತಿರ ಒಂದು ಲಕ್ಷ ಡಿಸ್ಕುಗಳ ದಾಖಲೆ ಹಿಡಿದು ಕುಳಿತರು. ತಯಾರಕರ ಕಾಗದಗಳು ಸರಾಸರಿ ಆಯುಸ್ಸು ಹತ್ತರಿಂದ ಹದಿನೈದು ಲಕ್ಷ ಗಂಟೆ ಎನ್ನುತ್ತಿದ್ದವು. ಆ ಪ್ರಕಾರ ವರ್ಷಕ್ಕೆ ಹೆಚ್ಚೆಂದರೆ ಶೇ 0.88ರಷ್ಟು ಡಿಸ್ಕುಗಳು ಕೆಡಬೇಕು. ನಿಜವಾಗಿ ಬದಲಾಯಿಸಿದ್ದು ಹೆಚ್ಚಿನ ಕಡೆ ಶೇ 2ರಿಂದ 4. ಕೆಲವು ವ್ಯವಸ್ಥೆಗಳಲ್ಲಿ ಶೇ 13ರವರೆಗೆ. ಒಂದು ಕೆಟ್ಟ ಹಿಂದೆಯೇ ಇನ್ನೊಂದು ಕೆಡುವ ಸಾಧ್ಯತೆಯೂ ಊಹೆಗಿಂತ ಹೆಚ್ಚಾಗಿತ್ತು. ಅದರಲ್ಲಿ ಆಶ್ಚರ್ಯವಿಲ್ಲ. ಒಂದು ಪೆಟ್ಟಿಗೆಯ ಡಿಸ್ಕುಗಳು ಸಾಮಾನ್ಯವಾಗಿ ಒಂದೇ ಕಾರ್ಖಾನೆಯ ಒಂದೇ ಬ್ಯಾಚಿನವು. ಅದೇ ಬಿಸಿ, ಅದೇ ಅದುರು, ಅದೇ ಕರೆಂಟಿನ ಏರಿಳಿತವನ್ನು ಒಟ್ಟಿಗೆ ಉಂಡವು.

ಈ ಮಾತಿಗೆ ಅತ್ಯಂತ ಸ್ಪಷ್ಟ ಸಾಕ್ಷಿ ಸಿಕ್ಕಿದ್ದು 2019ರ ನವೆಂಬರ್‌ನಲ್ಲಿ. ತನ್ನ ಕೆಲವು ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆ ಚಾಲನೆಯಲ್ಲಿದ್ದ ಮೇಲೆ ಕೆಟ್ಟುಹೋಗುತ್ತವೆ, ಕೂಡಲೇ ಅವುಗಳೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ಬದಲಾಯಿಸಿ ಎಂದು ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಕಂಪನಿ ಗ್ರಾಹಕರಿಗೆ ಸೂಚನೆ ಕಳಿಸಿತು. 32,768 ಎಂದರೆ ಎರಡರ ಹದಿನೈದನೆಯ ಘಾತ. ಕಾಲದ ಲೆಕ್ಕದಲ್ಲಿ ಮೂರು ವರ್ಷ 270 ದಿನ ಎಂಟು ಗಂಟೆ. ಒಂದೇ ದಿನ ಜೋಡಿಸಿ ಚಾಲೂ ಮಾಡಿದ ಡಿಸ್ಕುಗಳು ಒಂದೇ ದಿನ ಒಟ್ಟಿಗೆ ಹೋಗುವ ಸ್ಥಿತಿ ಅದು. ಅಲ್ಲಿ ಒಂದು ಪ್ಯಾರಿಟಿ ಇರಲಿ, ಎರಡಿರಲಿ, ಉಪಯೋಗವಿಲ್ಲ. ಹಾಗಾಗಿ ಡಿಸ್ಕ್ ಜೋಡಿಸುವಾಗ ಬೇರೆಬೇರೆ ಬ್ಯಾಚಿನವನ್ನು ಬೆರೆಸುವುದು, ಫರ್ಮ್‌ವೇರ್ ಸೂಚನೆಗಳನ್ನು ತಪ್ಪದೆ ಓದುವುದು ನಿಗಾದ ಭಾಗವೇ.

ಎರಡನೆಯ ಅಧ್ಯಯನ ಗೂಗಲ್‌ನದು, ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳದು. ಡಿಸ್ಕು ತನ್ನ ಆರೋಗ್ಯವನ್ನು ತಾನೇ ಬರೆದಿಡುವ ‘ಸ್ಮಾರ್ಟ್’ ಎಂಬ ವ್ಯವಸ್ಥೆಯನ್ನು ಅವರು ಪರೀಕ್ಷಿಸಿದರು. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷ ಕಾಣದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಇಷ್ಟು ಬಲವಾದ ಮುನ್ಸೂಚನೆ ಸಿಕ್ಕಾಗ ಕಾಯುತ್ತ ಕೂರಬಾರದು. ಅದೇ ಅಧ್ಯಯನದ ಇನ್ನೊಂದು ಸಂಖ್ಯೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು: ಕೆಟ್ಟ ಡಿಸ್ಕುಗಳಲ್ಲಿ ಶೇ 56ಕ್ಕೂ ಹೆಚ್ಚಿನವು ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ಕೊಡದೆಯೇ ಹೋದವು. ಸ್ಮಾರ್ಟ್ ಎಚ್ಚರಿಸಿದರೆ ನಂಬಿ. ಸುಮ್ಮನಿದ್ದರೆ ಎಲ್ಲ ಸರಿಯಿದೆ ಎಂದು ಅರ್ಥ ಮಾಡಿಕೊಳ್ಳಬೇಡಿ.

ಬಿಸಿ ಮಾಹಿತಿ, ತಣ್ಣನೆಯ ಮಾಹಿತಿ

ಇಲ್ಲಿಯವರೆಗೆ ಎಲ್ಲ ಡಿಸ್ಕುಗಳೂ ಒಂದೇ ಎಂಬಂತೆ ಮಾತಾಡಿದೆವು. ದೊಡ್ಡ ವ್ಯವಸ್ಥೆಗಳಲ್ಲಿ ಹಾಗಿರುವುದಿಲ್ಲ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೆ 8.33 ಮಿಲಿಸೆಕೆಂಡು ಬೇಕು. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತೋಳು ಸರಿಯುವ ಕಾಲವನ್ನೂ ಸೇರಿಸಿದರೆ ಸೆಕೆಂಡಿಗೆ ನೂರರ ಆಸುಪಾಸಿನ ಬಿಡಿ ಕೋರಿಕೆಗಳಷ್ಟೇ ಸಾಧ್ಯ. ತಿರುಗುವ ಭಾಗವೇ ಇಲ್ಲದ ಫ್ಲಾಶ್ ಡಿಸ್ಕು ಇದೇ ಕೆಲಸವನ್ನು ಸುಮಾರು ನೂರು ಮೈಕ್ರೊಸೆಕೆಂಡಿನಲ್ಲಿ ಮುಗಿಸುತ್ತದೆ. ಆದರೆ ಪ್ರತಿ ಟೆರಾಬೈಟಿಗೆ ಅದರ ಬೆಲೆ ಹೆಚ್ಚು. ಟೇಪು ಇನ್ನೊಂದು ತುದಿ: ಅಗ್ಗ, ಶೆಲ್ಫಿನಲ್ಲಿ ಕರೆಂಟಿಲ್ಲದೆ ಇರುತ್ತದೆ, ಆದರೆ ಓದಲು ಹತ್ತಾರು ಸೆಕೆಂಡು ಅಥವಾ ನಿಮಿಷಗಳು ಬೇಕು. ಎಲ್ಲವನ್ನೂ ಫ್ಲಾಶ್ ಮೇಲೆ ಇಡಲು ದುಡ್ಡು ಸಾಲದು. ಎಲ್ಲವನ್ನೂ ಟೇಪಿನಲ್ಲಿಟ್ಟರೆ ಕೆಲಸ ನಡೆಯದು. ಆದ್ದರಿಂದ ಮಾಹಿತಿಯನ್ನು ಶ್ರೇಣಿಗಳಾಗಿ ವಿಂಗಡಿಸುತ್ತಾರೆ. ಸ್ಟೋರೇಜ್ ಕೆಲಸದವರು ಇದನ್ನು ಟಿಯರಿಂಗ್ ಎನ್ನುತ್ತಾರೆ. ಪದೇಪದೇ ಬೇಕಾದದ್ದು ‘ಬಿಸಿ’, ಅಪರೂಪಕ್ಕೆ ಬೇಕಾದದ್ದು ‘ತಣ್ಣನೆಯದು’.

ಈ ಯೋಚನೆ ಹಳೆಯದು. 1962ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಮ್ಯಾಂಚೆಸ್ಟರ್‌ನ ಅಟ್ಲಾಸ್ ಕಂಪ್ಯೂಟರಿನಲ್ಲಿ ವೇಗದ ಕೋರ್ ಸ್ಮೃತಿ 16,384 ಪದಗಳಷ್ಟು, ನಿಧಾನದ ಕಾಂತೀಯ ಡ್ರಮ್ಮು ಅದರ ಆರು ಪಟ್ಟು. ಟಾಮ್ ಕಿಲ್ಬರ್ನ್ ಮತ್ತು ಸಂಗಡಿಗರು ಇವೆರಡನ್ನೂ ಪ್ರೋಗ್ರಾಮ್ ಬರೆಯುವವರಿಗೆ ಒಂದೇ ಸ್ಮೃತಿಯಂತೆ ಕಾಣಿಸಿದರು. ಯಾವ ಪುಟ ಮೇಲಿರಬೇಕು, ಯಾವುದು ಡ್ರಮ್ಮಿಗೆ ಇಳಿಯಬೇಕು ಎಂಬುದನ್ನು ಬಳಕೆಯನ್ನು ಗಮನಿಸಿ ಯಂತ್ರವೇ ತೀರ್ಮಾನಿಸುತ್ತಿತ್ತು. 1987ರಲ್ಲಿ ಜಿಮ್ ಗ್ರೇ ಮತ್ತು ಫ್ರಾಂಕೊ ಪುಟ್ಜೊಲು ಇದಕ್ಕೊಂದು ಹಣದ ಲೆಕ್ಕ ಕೊಟ್ಟರು. ಆ ಕಾಲದ ಬೆಲೆಗಳಲ್ಲಿ, ಐದು ನಿಮಿಷದೊಳಗೆ ಮತ್ತೆ ಬೇಕಾಗುವ ಪುಟವನ್ನು ಸ್ಮೃತಿಯಲ್ಲೇ ಇಟ್ಟುಕೊಳ್ಳುವುದು ಡಿಸ್ಕಿಗೆ ಮರಳಿ ಹೋಗುವುದಕ್ಕಿಂತ ಅಗ್ಗ.

ಶ್ರೇಣಿಗೂ ರೇಡಿಗೂ ನೇರ ನಂಟು ಹಾಕಿದ್ದು 1995ರಲ್ಲಿ ಎಚ್‌ಪಿ ಪ್ರಯೋಗಾಲಯದ ಜಾನ್ ವಿಲ್ಕ್ಸ್ ಮತ್ತು ಸಹೋದ್ಯೋಗಿಗಳು ವಿವರಿಸಿದ ಆಟೊರೇಡ್. ರೇಡ್ 5ರಲ್ಲಿ ಒಂದು ಸಣ್ಣ ತುಣುಕನ್ನು ಬದಲಿಸಬೇಕಾದರೂ ಹಳೆಯ ತುಣುಕು ಮತ್ತು ಹಳೆಯ ಪ್ಯಾರಿಟಿಯನ್ನು ಓದಿ, ಹೊಸ ತುಣುಕು ಮತ್ತು ಹೊಸ ಪ್ಯಾರಿಟಿಯನ್ನು ಬರೆಯಬೇಕು. ಒಟ್ಟು ನಾಲ್ಕು ಕೆಲಸ. ಪ್ರತಿಬಿಂಬವಾದರೆ ಎರಡು ಬರಹದಲ್ಲಿ ಮುಗಿಯುತ್ತದೆ, ಆದರೆ ಜಾಗ ಇಮ್ಮಡಿ ಬೇಕು. ಆಟೊರೇಡ್ ಮೇಲಿಂದ ಮೇಲೆ ಬದಲಾಗುವ ಮಾಹಿತಿಯನ್ನು ಪ್ರತಿಬಿಂಬದಲ್ಲಿಟ್ಟು, ತಣ್ಣಗಾದದ್ದನ್ನು ತಾನಾಗಿ ರೇಡ್ 5ಕ್ಕೆ ಇಳಿಸುತ್ತಿತ್ತು. ಇಂದಿನ ಸ್ಟೋರೇಜ್‌ಗಳಲ್ಲೂ ಬಿಸಿ ಶ್ರೇಣಿಗೆ ಪ್ರತಿಬಿಂಬ, ತಣ್ಣನೆಯ ದೊಡ್ಡ ಡಿಸ್ಕುಗಳಿಗೆ ರೇಡ್ 6 ಎಂಬ ಜೋಡಣೆ ಸಾಮಾನ್ಯವಾಗಿ ಕಾಣುವಂಥದ್ದು.

ಶ್ರೇಣಿ ಮಾಡುವವರು ಮರೆಯಬಾರದ ಒಂದು ವ್ಯತ್ಯಾಸವಿದೆ. ಕ್ಯಾಶ್‌ನಲ್ಲಿರುವುದು ನಕಲು, ಮೂಲ ಕೆಳಗೇ ಇರುತ್ತದೆ. ಟಿಯರಿಂಗ್‌ನಲ್ಲಿ ಮೂಲವೇ ಜಾಗ ಬದಲಿಸುತ್ತದೆ. ಒಂದೇ ಕಡತದ ಕೆಲವು ತುಣುಕು ಫ್ಲಾಶ್‌ನಲ್ಲಿ, ಉಳಿದವು ಹಾರ್ಡ್ ಡಿಸ್ಕಿನಲ್ಲಿ ಇರಬಹುದು. ಯಾವ ತುಣುಕು ಎಲ್ಲಿದೆ ಎಂಬ ನಕ್ಷೆ ಅನೇಕ ವ್ಯವಸ್ಥೆಗಳಲ್ಲಿ ವೇಗದ ಶ್ರೇಣಿಯಲ್ಲೇ ಇರುತ್ತದೆ. ಮೇಲಿನ ಪುಟ್ಟ ಶ್ರೇಣಿ ಹೋದರೆ ಕೆಳಗಿನ ನೂರಾರು ಟೆರಾಬೈಟ್ ಸುಸ್ಥಿತಿಯಲ್ಲಿದ್ದೂ ಓದಲು ಬಾರದಂತಾಗುತ್ತದೆ. ಮೇಲಿನದಕ್ಕೂ ಕೆಳಗಿನದರಷ್ಟೇ ಗಟ್ಟಿಯಾದ ರಕ್ಷಣೆ ಬೇಕು. ಅಲ್ಲದೆ ಪ್ರತಿಬಿಂಬದ ಎರಡು ಫ್ಲಾಶ್ ಡಿಸ್ಕುಗಳ ಮೇಲೆ ಬೀಳುವ ಬರಹ ಒಂದೇ ಸಮ, ಹಾಗಾಗಿ ಅವುಗಳ ಸವೆತವೂ ಒಂದೇ ಸಮ. ಎರಡರ ಸವೆತದ ಶೇಕಡಾವಾರು ಅಂಕಿಯನ್ನು ತಿಂಗಳಿಗೊಮ್ಮೆ ನೋಡಿ, ಒಂದನ್ನು ಮೊದಲೇ ಬದಲಾಯಿಸಿದರೆ ಎರಡೂ ಒಟ್ಟಿಗೆ ಮುದಿಯಾಗುವುದು ತಪ್ಪುತ್ತದೆ.

ಓದದಿದ್ದರೆ ತಿಳಿಯದು

ಬಿಸಿ ಶ್ರೇಣಿಯ ದೋಷ ಬೇಗ ಬಯಲಾಗುತ್ತದೆ, ಏಕೆಂದರೆ ಅಲ್ಲಿನ ಪ್ರತಿಯೊಂದನ್ನೂ ಯಾರಾದರೂ ಓದುತ್ತಲೇ ಇರುತ್ತಾರೆ. ತಣ್ಣನೆಯ ಶ್ರೇಣಿಯ ಕಥೆ ಬೇರೆ. ದಿನಬಳಕೆಯ ಪಾತ್ರೆ ಒಡೆದರೆ ಅಂದೇ ಗೊತ್ತಾಗುತ್ತದೆ. ಅಟ್ಟದ ಮೇಲಿನ ಪೆಟ್ಟಿಗೆಗೆ ಗೆದ್ದಲು ಹಿಡಿದದ್ದು ಯಾರಾದರೂ ಹತ್ತಿ ನೋಡುವವರೆಗೆ ತಿಳಿಯುವುದಿಲ್ಲ. ಡಿಸ್ಕಿನ ಒಂದು ಸೆಕ್ಟರ್ ಓದಲಾಗದಂತೆ ಕೆಟ್ಟಿದ್ದರೂ ಅದನ್ನು ಓದಲು ಯತ್ನಿಸುವವರೆಗೆ ಡಿಸ್ಕಿಗೇ ಅದು ಗೊತ್ತಿರುವುದಿಲ್ಲ. 2007ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನ 15.3 ಲಕ್ಷ ಡಿಸ್ಕುಗಳನ್ನು 32 ತಿಂಗಳು ಗಮನಿಸಿತು. ಲಕ್ಷ್ಮಿ ಬೈರವಸುಂದರಂ ಮತ್ತು ನೆಟ್‌ಆಪ್ ಕಂಪನಿಯ ಸಂಶೋಧಕರು ಸೇರಿ ನಡೆಸಿದ ಅಧ್ಯಯನ ಅದು. ಶೇ 3.45ರಷ್ಟು ಡಿಸ್ಕುಗಳಲ್ಲಿ ಇಂಥ ಸುಪ್ತ ದೋಷಗಳು ಸಿಕ್ಕವು.

ಸುಪ್ತ ದೋಷ ಬಯಲಾಗಲು ಅತ್ಯಂತ ಕೆಟ್ಟ ಗಳಿಗೆ ಯಾವುದು? ಪಕ್ಕದ ಡಿಸ್ಕ್ ಸತ್ತು ರೀಬಿಲ್ಡ್ ನಡೆಯುತ್ತಿರುವಾಗ. ಆಗ ಉಳಿದ ಡಿಸ್ಕುಗಳನ್ನು ಮೊದಲಿಂದ ಕೊನೆಯವರೆಗೆ ಓದಲೇಬೇಕು, ತಪ್ಪು ಬಂದರೆ ಸರಿಪಡಿಸಲು ರೇಡ್ 5ರಲ್ಲಿ ಪ್ಯಾರಿಟಿ ಮಿಕ್ಕಿರುವುದಿಲ್ಲ. ಸಾಧಾರಣ ಡಿಸ್ಕುಗಳ ಕಾಗದದಲ್ಲಿ ತಯಾರಕರು ಬರೆಯುವ ಮಿತಿ, ಹತ್ತರ ಹದಿನಾಲ್ಕನೆಯ ಘಾತದಷ್ಟು ಬಿಟ್ ಓದಿದರೆ ಒಂದು ಓದಲಾಗದ ದೋಷ. ಅದು 12.5 ಟೆರಾಬೈಟ್. ನಾಲ್ಕು ಟೆರಾಬೈಟಿನ ಆರು ಡಿಸ್ಕುಗಳ ರೇಡ್ 5ರಲ್ಲಿ ಒಂದು ಹೋದರೆ ಓದಬೇಕಾದದ್ದು 20 ಟೆರಾಬೈಟ್. ಕಾಗದದ ಮಿತಿಗಿಂತ ಡಿಸ್ಕುಗಳು ಚೆನ್ನಾಗಿಯೇ ನಡೆದುಕೊಳ್ಳಬಹುದು. ಆದರೂ ದೊಡ್ಡ ಡಿಸ್ಕುಗಳಿಗೆ ರೇಡ್ 6 ಏಕೆ ಬೇಕಾಯಿತು ಎಂಬುದು ಈ ಲೆಕ್ಕದಿಂದ ಅರ್ಥವಾಗುತ್ತದೆ.

ಇದಕ್ಕಿಂತ ಕುಟಿಲವಾದ ದೋಷವೂ ಇದೆ. ಡಿಸ್ಕು ‘ಓದಿದೆ’ ಎಂದು ಹೇಳಿ ತಪ್ಪು ಮಾಹಿತಿಯನ್ನೇ ಕೊಟ್ಟುಬಿಡುವುದು. ಅದೇ ಸಮೂಹದ ಡಿಸ್ಕುಗಳನ್ನು 41 ತಿಂಗಳು ನೋಡಿದ 2008ರ ಅಧ್ಯಯನಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಇಂಥ ಪ್ರಸಂಗಗಳು ಸಿಕ್ಕವು. ಅವುಗಳಲ್ಲಿ ಶೇ 8ರಷ್ಟು ಪತ್ತೆಯಾದದ್ದು ರೀಬಿಲ್ಡ್ ಹೊತ್ತಿನಲ್ಲಿ.

ಪರಿಹಾರ ಒಂದೇ: ಯಾರಿಗೂ ಬೇಡವಾದಾಗಲೂ ಎಲ್ಲವನ್ನೂ ಓದುವುದು. ಇದಕ್ಕೆ ಸ್ಕ್ರಬ್ ಎನ್ನುತ್ತಾರೆ. ಕೆಲಸ ಕಡಿಮೆಯಿರುವ ಹೊತ್ತು ನೋಡಿ ವ್ಯವಸ್ಥೆ ಪ್ರತಿ ಡಿಸ್ಕಿನ ಪ್ರತಿ ತುಣುಕನ್ನೂ ಓದಿ, ಪ್ಯಾರಿಟಿಯೊಂದಿಗೆ ತಾಳೆ ನೋಡುತ್ತದೆ. ಓದಲಾಗದ್ದು ಸಿಕ್ಕರೆ ಉಳಿದ ಡಿಸ್ಕುಗಳಿಂದ ಲೆಕ್ಕಹಾಕಿ ಮತ್ತೆ ಬರೆಯುತ್ತದೆ. ಡೆಬಿಯನ್ ಲಿನಕ್ಸ್ ಪ್ರತಿ ತಿಂಗಳ ಮೊದಲ ಭಾನುವಾರ ಇದನ್ನು ತಾನಾಗಿ ಶುರುಮಾಡುತ್ತದೆ. ಬರಿಯ ಪ್ಯಾರಿಟಿಗೆ ಒಂದು ಮಿತಿಯಿದೆ. ಲೆಕ್ಕ ತಾಳೆಯಾಗುತ್ತಿಲ್ಲ ಎಂದು ಅದು ಹೇಳಬಲ್ಲದು, ಯಾವ ಡಿಸ್ಕ್ ಸುಳ್ಳು ಹೇಳುತ್ತಿದೆ ಎಂದು ಹೇಳಲಾರದು. ಸನ್ ಕಂಪನಿಯ ಜೆಫ್ ಬಾನ್ವಿಕ್ ಮತ್ತು ಮ್ಯಾಥ್ಯೂ ಆರೆನ್ಸ್ ರೂಪಿಸಿ 2005ರಲ್ಲಿ ಹೊರಬಂದ ಝಡ್‌ಎಫ್‌ಎಸ್ ಕಡತ ವ್ಯವಸ್ಥೆ ಪ್ರತಿ ತುಣುಕಿಗೂ ಅದರ ಮಾಹಿತಿಯಿಂದ ಲೆಕ್ಕಹಾಕಿದ ಒಂದು ತಾಳೆ ಸಂಖ್ಯೆ, ಅಂದರೆ ಚೆಕ್‌ಸಮ್, ಬರೆದಿಟ್ಟು, ಸರಿಯಾದದ್ದು ಯಾವುದು ಎಂಬುದನ್ನೂ ತೀರ್ಮಾನಿಸುತ್ತದೆ.

ಶ್ರೇಣಿಯೂ ರೇಡೂ ಒಂದಕ್ಕೊಂದು ಎದುರಾಗುವುದು ಇಲ್ಲಿಯೇ. ಮಾಹಿತಿಯನ್ನು ತಣ್ಣನೆಯ ಶ್ರೇಣಿಗೆ ಇಳಿಸುವ ಕಾರಣವೇ ಅದನ್ನು ಯಾರೂ ಓದುತ್ತಿಲ್ಲ ಎಂಬುದು, ಮತ್ತು ದೋಷ ತಿಳಿಯುವುದು ಓದಿದಾಗ ಮಾತ್ರ. ಇಳಿಸುವ ನಿಯಮ ಬರೆದವರು ಓದಿಸುವ ನಿಯಮವನ್ನೂ ಜೊತೆಯಲ್ಲೇ ಬರೆಯಬೇಕು.

ನಿಗಾ ಎಂದರೆ ಏನು

ಸಣ್ಣ ಕಚೇರಿಯೂ ಮಾಡಬಹುದಾದ ಕೆಲಸಗಳಿವು. ಸ್ಮಾರ್ಟ್ ಪಟ್ಟಿಯಲ್ಲಿ ಮುಖ್ಯವಾಗಿ ಮೂರು ಸಾಲು ನೋಡಬೇಕು. ಐದನೆಯದು, ಕೆಟ್ಟ ಸೆಕ್ಟರುಗಳ ಬದಲು ಮೀಸಲು ಜಾಗ ಬಳಸಿದ ಎಣಿಕೆ. 197ನೆಯದು, ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳು. 198ನೆಯದು, ಡಿಸ್ಕು ತಾನೇ ಪರೀಕ್ಷಿಸಿ ಸರಿಪಡಿಸಲಾಗದೆ ಬಿಟ್ಟವು. ಒಂದು ದಿನದ ಅಂಕಿಗಿಂತ ಅದು ಬೆಳೆಯುವ ರೀತಿ ಹೆಚ್ಚು ಹೇಳುತ್ತದೆ, ಹಾಗಾಗಿ ದಿನವೂ ಬರೆದಿಡಬೇಕು. ಲಿನಕ್ಸಿನ ಎಂಡಿಸ್ಟ್ಯಾಟ್ ಕಡತದಲ್ಲಿ ಆರೋಗ್ಯವಾಗಿರುವ ಪ್ರತಿ ಡಿಸ್ಕಿಗೂ ಒಂದು ‘ಯು’ ಅಕ್ಷರ ಕಾಣುತ್ತದೆ. ಅದರ ಬದಲು ಅಡಿಗೆರೆ ಕಂಡರೆ ಆ ಡಿಸ್ಕ್ ಇಲ್ಲ ಎಂದರ್ಥ. ಹಾರ್ಡ್‌ವೇರ್ ರೇಡ್ ಕಾರ್ಡುಗಳು ಡಿಸ್ಕುಗಳನ್ನು ತಮ್ಮ ಹಿಂದೆ ಮರೆಮಾಡುವುದರಿಂದ ಆ ಕಾರ್ಡಿನದೇ ಸಾಧನ ಬಳಸಬೇಕು. ಕಾರ್ಡಿನ ಬ್ಯಾಟರಿಯನ್ನೂ ನೋಡಬೇಕು. ಬ್ಯಾಟರಿ ಸತ್ತರೆ ಬರಹವನ್ನು ತಾತ್ಕಾಲಿಕವಾಗಿ ಹಿಡಿದಿಡುವುದನ್ನು ಅನೇಕ ಕಾರ್ಡುಗಳು ನಿಲ್ಲಿಸುತ್ತವೆ. ಆಗ ಹೊರಗೆ ಕೇಳಿಬರುವ ದೂರು ‘ಸಿಸ್ಟಂ ಸ್ಲೋ ಆಗಿದೆ’ ಎಂಬುದಷ್ಟೇ.

ಪ್ರತಿ ಡಿಸ್ಕಿನ ಸೀರಿಯಲ್ ನಂಬರನ್ನು ಅದರ ಟ್ರೇ ಮೇಲೆ ಅಂಟಿಸಿಡುವುದು ಪುಟ್ಟ ಕೆಲಸವೆನಿಸಬಹುದು. ಒಂದು ಕೆಟ್ಟಿರುವಾಗ ಗೊಂದಲದಲ್ಲಿ ಪಕ್ಕದ ಒಳ್ಳೆಯದನ್ನು ಎಳೆದುಬಿಟ್ಟರೆ ರೇಡ್ 5ರ ಕೆಲಸ ಅಲ್ಲಿಗೆ ನಿಲ್ಲುತ್ತದೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಎಚ್ಚರಿಕೆ ಯಾರಿಗೆ ತಲುಪುತ್ತದೆ ಎಂಬುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಮುಖ್ಯ ಡೇಟಾಬೇಸ್ ಕೈತಪ್ಪಿನಿಂದ ಅಳಿಸಿಹೋಯಿತು. ಬ್ಯಾಕಪ್ ಹುಡುಕಿದಾಗ, ತಂತ್ರಾಂಶದ ಆವೃತ್ತಿಗಳು ಹೊಂದದೆ ನಿತ್ಯದ ಬ್ಯಾಕಪ್ ವಿಫಲವಾಗುತ್ತಲೇ ಬಂದಿತ್ತೆಂದು ತಿಳಿಯಿತು. ವಿಫಲವಾದಾಗ ಇಮೇಲ್ ಹೋಗುವ ವ್ಯವಸ್ಥೆಯೂ ಇತ್ತು. ಆದರೆ ಸಹಿಯಿಲ್ಲದ ಕಾರಣ ಆ ಇಮೇಲುಗಳನ್ನು ಸ್ವೀಕರಿಸುವ ಸರ್ವರ್ ತಿರಸ್ಕರಿಸುತ್ತಿತ್ತು. ಸುಮಾರು ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಪ್ರತಿ ಇದ್ದದ್ದರಿಂದ ನಷ್ಟ ಅಷ್ಟಕ್ಕೆ ನಿಂತಿತು. ನಡೆದದ್ದನ್ನೆಲ್ಲ ಅವರು ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿದರು. ಅದಕ್ಕಾಗಿ ಈ ಕ್ಷೇತ್ರ ಅವರಿಗೆ ಋಣಿ. ಅದರ ಪಾಠ ಇದು: ಎಚ್ಚರಿಕೆಯನ್ನು ಆಗಾಗ ಬೇಕೆಂದೇ ಎಬ್ಬಿಸಿ, ಅದು ತಲುಪಬೇಕಾದವರಿಗೆ ತಲುಪಿತೇ ಎಂದು ನೋಡಬೇಕು. ಲಿನಕ್ಸಿನ ಎಂಡಿಅಡ್ಮ್ ಸಾಧನದಲ್ಲಿ ಪರೀಕ್ಷಾ ಇಮೇಲ್ ಕಳಿಸುವ ಸೌಲಭ್ಯ ಇರುವುದು ಇದಕ್ಕಾಗಿಯೇ.

ರೇಡ್ ಎಲ್ಲಿ ನಿಲ್ಲುತ್ತದೆ

ಗಿಟ್‌ಲ್ಯಾಬ್ ಪ್ರಸಂಗದಲ್ಲಿ ಡಿಸ್ಕುಗಳೆಲ್ಲ ಆರೋಗ್ಯವಾಗಿದ್ದವು. ಅಳಿಸು ಎಂಬ ಆಜ್ಞೆಯನ್ನು ರೇಡ್ ಎಲ್ಲ ಪ್ರತಿಗಳಲ್ಲೂ ನಿಷ್ಠೆಯಿಂದ ಪಾಲಿಸುತ್ತದೆ. ಬೆಂಕಿ, ನೆರೆ, ವೈರಸ್, ತಂತ್ರಾಂಶದ ತಪ್ಪು, ಇವಾವುದಕ್ಕೂ ಅದರಲ್ಲಿ ಉತ್ತರವಿಲ್ಲ. 2011ರ ಫೆಬ್ರುವರಿ 27ರಂದು ಸ್ಟೋರೇಜ್ ತಂತ್ರಾಂಶದ ದೋಷದಿಂದ ಜಿಮೇಲ್ ಬಳಕೆದಾರರಲ್ಲಿ ಸುಮಾರು ಶೇ 0.02ರಷ್ಟು ಮಂದಿಯ ಅಂಚೆ ಕಾಣೆಯಾಯಿತು. ಗೂಗಲ್ ಹಲವು ಡೇಟಾ ಕೇಂದ್ರಗಳಲ್ಲಿ ಪ್ರತಿಗಳನ್ನಿಟ್ಟಿತ್ತು, ದೋಷ ಆ ಪ್ರತಿಗಳನ್ನೂ ಮುಟ್ಟಿತ್ತು. ಉಳಿದದ್ದು ಟೇಪಿನ ಮೇಲಿದ್ದ ಪ್ರತಿ. ಜಾಲದಿಂದ ದೂರವಿದ್ದ ಅತ್ಯಂತ ತಣ್ಣನೆಯ ಶ್ರೇಣಿಯಿಂದಲೇ ಜನರ ಅಂಚೆ ಮರಳಿ ಬಂತು.

ಇಂದು ಕರ್ನಾಟಕದ ರೈತನ ಪಹಣಿ ಕೈಬರಹದ ಪುಸ್ತಕದಲ್ಲಿಲ್ಲ, ಕಂಪ್ಯೂಟರಿನಲ್ಲಿದೆ. ಜನನ ಪತ್ರ, ಅಂಕಪಟ್ಟಿ, ಸಹಕಾರ ಸಂಘದ ಸಾಲದ ಲೆಕ್ಕ, ಆಸ್ಪತ್ರೆಯ ಸ್ಕ್ಯಾನ್, ಎಲ್ಲವೂ ಯಾವುದೋ ಡಿಸ್ಕಿನ ಮೇಲಿವೆ. ಟೆಂಡರ್ ಬರೆಯುವಾಗ ಎಷ್ಟು ಟೆರಾಬೈಟ್, ಯಾವ ರೇಡ್ ಎಂದು ಕೇಳುವ ರೂಢಿ ಬೆಳೆದಿದೆ. ಅದರ ಪಕ್ಕದಲ್ಲಿ ಇನ್ನು ನಾಲ್ಕು ಪ್ರಶ್ನೆಗಳು ಸೇರಬೇಕು. ಡಿಸ್ಕ್ ಕೆಟ್ಟರೆ ಯಾವ ವ್ಯಕ್ತಿಗೆ, ಎಷ್ಟು ಹೊತ್ತಿನಲ್ಲಿ ತಿಳಿಯುತ್ತದೆ? ಬದಲಿ ಡಿಸ್ಕ್ ಕಪಾಟಿನಲ್ಲಿದೆಯೇ? ತಣ್ಣನೆಯ ಶ್ರೇಣಿಯನ್ನು ಕೊನೆಯ ಸಲ ಪೂರ್ತಿ ಓದಿದ್ದು ಯಾವಾಗ? ಬ್ಯಾಕಪ್‌ನಿಂದ ಒಂದು ಕಡತವನ್ನು ನಿಜವಾಗಿ ಮರಳಿ ತೆಗೆದು ನೋಡಿದ್ದು ಯಾವಾಗ? ಈ ನಾಲ್ಕಕ್ಕೂ ದಿನಾಂಕದೊಂದಿಗೆ ಉತ್ತರ ಕೊಡಬಲ್ಲ ಕಚೇರಿಗೆ ರೇಡ್ ತನ್ನ ಪೂರ್ತಿ ಬೆಲೆ ಸಲ್ಲಿಸುತ್ತದೆ. ಉತ್ತರ ಗೊತ್ತಿಲ್ಲದ ಕಚೇರಿ ದುಡ್ಡು ಕೊಟ್ಟು ಕೊಂಡದ್ದು ಒಂದಿಷ್ಟು ಕಾಲಾವಕಾಶವನ್ನು ಮಾತ್ರ. ಆ ಕಾಲವನ್ನು ಬಳಸಿಕೊಳ್ಳಬೇಕಾದವರು ಮನುಷ್ಯರು.